ಸೆನ್ಸರ್ ಅಂಟಿನ ತುರಿಕೆ: ಕಾರವಾರದ ಮಳೆಗಾಲದಲ್ಲಿ ನಾನು ಮಾಡಿದ್ದು

ಮಗಳಿಗೆ ಟೈಪ್ 1 ಡಯಾಬಿಟಿಸ್, ಅಂದರೆ ದಿನವೂ ಇನ್ಸುಲಿನ್ ಬೇಕಾಗುವ ಸಕ್ಕರೆ ಕಾಯಿಲೆ. ಶುಗರ್ ನೋಡಲು ತೋಳಿಗೆ ಅಂಟಿಸುವ ಸೆನ್ಸರಿನ ಜಾಗದಲ್ಲಿ ಅವಳಿಗೆ ತುರಿಕೆ, ಗುಳ್ಳೆ ಎದ್ದಿತ್ತು. ಬೆವರಿಗೆ ಆಗಿದ್ದು, ಪೌಡರ್ ಹಾಕಿ ಅಂದರು ಒಬ್ಬರು. ಶುಗರ್ ಹತೋಟಿಯಲ್ಲಿಲ್ಲ, ಅದಕ್ಕೇ ಮೈಮೇಲೆ ಎದ್ದಿದೆ ಅಂದರು ಇನ್ನೊಬ್ಬರು. ಮಗಳ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಪರೀಕ್ಷೆ) ಆಗ ಏಳೂವರೆ ಆಸುಪಾಸು. ಟೈಪ್ 1 ಮಕ್ಕಳ ಮನೆಯವರಿಗೆ ಗೊತ್ತು, ಅದೇನು ಕೆಟ್ಟ ನಂಬರಲ್ಲ. ಇದು ಅಂಟಿನದ್ದೇ ಕೆಲಸ ಅಂತ ನಾನು ಹೇಳುತ್ತಲೇ ಇದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಮಳೆಗಾಲ ಒಂದು ಗುಳ್ಳೆಯೂ ಇಲ್ಲದೆ ದಾಟಿತು, ಹಾಗಾಗಿ ಬರೆಯುತ್ತಿದ್ದೇನೆ.

ಬೆವರುಸಾಲೆ ಆದರೆ ಕುತ್ತಿಗೆ, ಬೆನ್ನು ಅಂತ ಹರಡುತ್ತದೆ. ಇವಳ ತೋಳಿನಲ್ಲಿ ಬಂದದ್ದು ದುಂಡಗೆ, ಸೆನ್ಸರಿನ ಅಳತೆಗೇ. ನಡುವೆ ಕೆಂಪು, ಅಂಚಿನಲ್ಲಿ ನೀರುಗುಳ್ಳೆ. ಕಿತ್ತ ಸೆನ್ಸರಿನ ಬಿಳಿ ಪಟ್ಟಿಯ ತುಂಡನ್ನು ನನ್ನ ಕೈಗೂ ಅಂಟಿಸಿ ನೋಡಿದೆ, ನನಗೇನೂ ಆಗಲಿಲ್ಲ. ಅವಳಿಗೆ ಎರಡನೇ ದಿನಕ್ಕೇ ತುರಿಕೆ. ಕೆಲವು ಸೆನ್ಸರ್‌ಗಳಲ್ಲಿ ಇರುವ ಐಸೊಬೊರ್ನಿಲ್ ಅಕ್ರಿಲೇಟ್ ಅನ್ನುವ ರಾಸಾಯನಿಕದಿಂದ ಕೆಲವರಿಗೆ ಹೀಗೆ ಅಲರ್ಜಿ ಆಗುತ್ತದೆ ಅಂತ ಯುರೋಪಿನ ಚರ್ಮದ ಡಾಕ್ಟರುಗಳು 2017ರಲ್ಲೇ ಬರೆದಿದ್ದಾರೆ.

ಈಗ ದುಡ್ಡಿನ ಮಾತು. ಒಂದು ಸೆನ್ಸರ್‌ಗೆ ಹತ್ತಿರ ಹತ್ತಿರ ಐದು ಸಾವಿರ. 14 ದಿನ ಬರಬೇಕಾದದ್ದು ನಾಲ್ಕೈದು ದಿನಕ್ಕೆ ಅವಳೇ ಕೆರೆದು ಕಿತ್ತರೆ ಹೊಟ್ಟೆ ಉರಿಯುವುದಿಲ್ವಾ? ಸೆನ್ಸರ್ ಹಾಕುವ ಮುಂಚೆ ಚರ್ಮಕ್ಕೆ ಹೊಡೆಯುವ, ತೆಳು ಪದರ ಕಟ್ಟುವ ಬ್ಯಾರಿಯರ್ ಸ್ಪ್ರೇ ತರಿಸಿದೆ, ಏಳೆಂಟು ನೂರು ಹೋಯಿತು, ಗುಳ್ಳೆ ಒಂದು ದಿನ ತಡವಾಗಿ ಬಂತು ಅಷ್ಟೇ. ತೆಳು ಪಾರದರ್ಶಕ ಫಿಲ್ಮ್ ಹಾಕಿದರೆ ನಮ್ಮ ಸೆಖೆಗೆ ಒಳಗೆ ನೀರು ನಿಂತು ಸೆನ್ಸರ್ ಸಮೇತ ಜಾರಿತು. ಆಯಿ ಬೇರೆ, 'ಮುರುಗಲ ತುಪ್ಪ ಹಚ್ಚೋ ತಮಾ' ಅಂತ ಬೆನ್ನು ಬಿಡಲಿಲ್ಲ. ಜಿಡ್ಡಿದ್ದರೆ ಅಂಟು ಹಿಡಿಯುವುದೇ ಇಲ್ಲ. ಆದರೆ ಸೆನ್ಸರ್ ತೆಗೆದ ಮೇಲೆ ಒಣಗಿದ ಚರ್ಮಕ್ಕೆ ಅದನ್ನೇ ಹಚ್ಚುತ್ತೇನೆ, ಚೆನ್ನಾಗಿದೆ.

ಕೈ ಹಿಡಿದದ್ದು ಹೈಡ್ರೋಕೊಲಾಯ್ಡ್ ಡ್ರೆಸ್ಸಿಂಗ್, ದಪ್ಪನೆಯದ್ದು. ಹಾಸಿಗೆ ಹುಣ್ಣಿಗೆ ಹಾಕುವಂಥದ್ದು. ಮೊದಲು ಇದನ್ನು ಚರ್ಮಕ್ಕೆ ಅಂಟಿಸಿ, ಅದರ ಮೇಲೆ ಸೆನ್ಸರ್. ಮೆಡಿಕಲ್ ಅಂಗಡಿಯವನು 'ಮನೆಯಲ್ಲಿ ಯಾರು ಮಲಗಿದ್ದಾರೆ ಅಣ್ಣಾ?' ಅಂತ ಕೇಳಿದ. ಒಂದು ಹಾಳೆ ಇನ್ನೂರೈವತ್ತು ಮುನ್ನೂರು, ನಾಲ್ಕು ತುಂಡಾಗುತ್ತದೆ. ಸೆನ್ಸರಿಗಿಂತ ಒಂದು ಬೆರಳು ದೊಡ್ಡದಾಗಿ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಇಲ್ಲದಿದ್ದರೆ ಅಂಗಿ ತೋಳಿಗೆ ಸಿಕ್ಕಿ ಏಳುತ್ತದೆ. ನಡುವೆ ಬಟಾಣಿಯಷ್ಟು ತೂತು, ಸೆನ್ಸರಿನ ಸಣ್ಣ ದಾರದಂಥ ಎಳೆ ನೇರ ಚರ್ಮದೊಳಗೆ ಹೋಗಬೇಕಲ್ಲ. ತೂತಿಗೂ ಸೂಜಿಗೂ ಸರಿಯಾಗಿ ಕೂರಿಸಲು ನನ್ನದೊಂದು ಉಪಾಯ ಇದೆ, ಅದು ಬರೆದರೆ ಅರ್ಥವಾಗುವುದಿಲ್ಲ, ಸಿಕ್ಕಾಗ ತೋರಿಸುತ್ತೇನೆ. ಸ್ನಾನವಾಗಿ ಅರ್ಧ ಗಂಟೆ ಫ್ಯಾನ್ ಕೆಳಗೆ ತೋಳು ಒಣಗಬೇಕು. ಜುಲೈಯಲ್ಲಿ ಕರೆಂಟ್ ಇಲ್ಲದ ದಿನ ನಾನು ಹಾಕುವುದೇ ಇಲ್ಲ. ಮೊದಲ ದಿನ ಬೆರಳು ಚುಚ್ಚಿ ಬಂದ ಶುಗರ್ ನಂಬರನ್ನು ಸೆನ್ಸರಿನ ನಂಬರ್ ಜೊತೆ ಹೋಲಿಸಿ ನೋಡಿ. ತೆಗೆಯುವಾಗ ಅಂಚಿಗೆ ತೆಂಗಿನೆಣ್ಣೆ ಬಿಟ್ಟು ಹತ್ತು ನಿಮಿಷ ಕಾಯಿರಿ. ಮುಂದಿನದು ಇನ್ನೊಂದು ತೋಳಿಗೆ.

ಹಾಗಂತ ಎಲ್ಲ ತುರಿಕೆಯೂ ಅಂಟಿನದ್ದಲ್ಲ. ಜ್ವರ ಬಂದು ಶುಗರ್ ಮುನ್ನೂರು ದಾಟಿದ ವಾರ, ಒಣಗದ ಯೂನಿಫಾರ್ಮ್ ಹಾಕಿಕೊಂಡು ತೊಡೆಸಂದಿಯಲ್ಲಿ ಎದ್ದದ್ದು ಫಂಗಸ್ಸೇ. ಅದಕ್ಕೆ ಕ್ಲೋಟ್ರಿಮಜೋಲ್ ಅನ್ನುವ ಫಂಗಸ್ ಕ್ರೀಮ್ ಸಾಕಾಯಿತು. ಅಂಗಡಿಯಲ್ಲಿ ಕೇಳಿದ ತಕ್ಷಣ ಕೊಡುವ, ಸ್ಟೆರಾಯ್ಡ್ ಬೆರೆಸಿದ ಕ್ರೀಮ್ ಮಾತ್ರ ಬೇಡ, ಎರಡು ದಿನ ತಣ್ಣಗಾಗಿ ಆಮೇಲೆ ಜಾಸ್ತಿ ಹಬ್ಬುತ್ತದೆ.

ಇನ್ನೊಂದು, ತೊಡೆಯ ಗಂಟು. ಒಂದೇ ಕಡೆ ಇನ್ಸುಲಿನ್ ಚುಚ್ಚಿದರೆ ನೋವಿಲ್ಲ ಅಂತ ಮಕ್ಕಳು ಅಲ್ಲೇ ತೋರಿಸುತ್ತಾರೆ, ಚುಚ್ಚಿ ಚುಚ್ಚಿ ಅಲ್ಲಿ ಗಂಟಾಗುತ್ತದೆ. ಎಷ್ಟೋ ಸಲ ಕಣ್ಣಿಗೆ ಕಾಣುವುದಿಲ್ಲ, ಸೋಪು ಕೈಯಲ್ಲಿ ಸವರಿದರೆ ಸಿಗುತ್ತದೆ. ಗಂಟಿನಲ್ಲಿ ಇನ್ಸುಲಿನ್ ಒಂದೊಂದು ದಿನ ಒಂದೊಂದು ಥರ ಇಳಿಯುತ್ತದೆ. ಅದನ್ನು ಬಿಟ್ಟು ಹೊಸ ಜಾಗಕ್ಕೆ ಹೋಗುವಾಗ ಅದೇ ಡೋಸ್ ಕೊಟ್ಟರೆ ಶುಗರ್ ದಡಕ್ಕನೆ ಬೀಳಬಹುದು. ನಮ್ಮ ಡಾಕ್ಟರು ಸ್ವಲ್ಪ ಇಳಿಸಿಕೊಟ್ಟರು, ನೀವೂ ಕೇಳಿಯೇ ಬದಲಿಸಿ.