ಎರಡು ನಿಮಿಷದ ನಿಲುಗಡೆಗೆ ಎರಡು ವರ್ಷ

ಸಂಸದರೊಬ್ಬರ ಆಪ್ತ ಸಹಾಯಕನಾಗಿ ನಾನು ದೆಹಲಿಗೆ ಹೋದದ್ದು 2019ರಲ್ಲಿ, ಹದಿನೇಳನೆಯ ಲೋಕಸಭೆಯ ಜೊತೆಗೇ. ಸಾಹೇಬರ ಹೆಸರು, ಪಕ್ಷ, ಕ್ಷೇತ್ರ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಕ್ಷೇತ್ರದ ಒಂದು ಮಗ್ಗುಲಲ್ಲಿ ಅಡಿಕೆ ತೋಟ, ಇನ್ನೊಂದು ಮಗ್ಗುಲಲ್ಲಿ ರಾಗಿ ಹೊಲ ಎಂದರೆ ಸಾಕು. ಸದನದಲ್ಲಿ ಅವರ ಆಸನ ಎಷ್ಟು ಹಿಂದಿತ್ತೆಂದರೆ, ಟಿ.ವಿ.ಯಲ್ಲಿ ಅವರನ್ನು ಹುಡುಕಿ ಹುಡುಕಿ ಅವರ ತಾಯಿಯೇ ಬೇಸತ್ತು ಧಾರಾವಾಹಿಗೆ ಹೊರಳಿಕೊಂಡಿದ್ದರು. ಮಂತ್ರಿಯಾಗುವ ಯೋಗವಿಲ್ಲ, ಪಕ್ಷದ ಪರವಾಗಿ ದೊಡ್ಡ ಚರ್ಚೆಗಳಲ್ಲಿ ಮಾತನಾಡುವ ಸರದಿಯೂ ಬರುವುದಿಲ್ಲ. ಅಂಥವರ ಕೈಯಲ್ಲಿ ಉಳಿಯುವುದು ಕಾಗದ. ಆ ಕಾಗದ ಬರೆಯುವವನು ನಾನು.

ಕ್ಷೇತ್ರದ ಕಚೇರಿಗೆ ಬರುವ ಅರ್ಜಿಗಳಲ್ಲಿ ಬಹುಪಾಲು ಸಂಸತ್ತಿಗೆ ಸಂಬಂಧಿಸಿದವೇ ಅಲ್ಲ. ಚರಂಡಿ, ಪಹಣಿ, ಪಡಿತರ ಚೀಟಿ, ಅಳಿಯನ ವರ್ಗಾವಣೆ. ಇವೆಲ್ಲ ರಾಜ್ಯದ್ದು ಅಥವಾ ಪಂಚಾಯಿತಿಯದ್ದು. ಕೇಂದ್ರೀಯ ವಿದ್ಯಾಲಯದ ಸೀಟಿಗೆ ಶಿಫಾರಸು ಕೇಳುವವರ ಸಾಲು ಬೇರೆ ಇರುತ್ತಿತ್ತು. ಸಂಸದರಿಗಿದ್ದ ಹತ್ತು ಸೀಟುಗಳ ಕೋಟಾವನ್ನು 2022ರಲ್ಲಿ ತೆಗೆದುಹಾಕಿದಾಗ ಊರಿನಲ್ಲಿ ಬೈದರು, ನಾವು ಕಚೇರಿಯಲ್ಲಿ ಸಿಹಿ ಹಂಚಿಕೊಂಡೆವು. ಹತ್ತು ಜನರ ಋಣಕ್ಕೆ ಇನ್ನೂರು ಜನರ ಮುನಿಸು ಕಟ್ಟಿಕೊಳ್ಳುವುದು ತಪ್ಪಿತಲ್ಲ!

ಈ ರಾಶಿಯ ನಡುವೆ 2021ರ ಜನವರಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಅರ್ಜಿ ಬಂತು. ಗೆರೆ ಹಾಕಿದ ಹಾಳೆ, ದುಂಡು ಅಕ್ಷರ, ಜೊತೆಗೆ ನಾಲ್ಕು ಪುಟಗಳ ಸಹಿ. ಬೆಂಗಳೂರಿಗೆ ಹೋಗುವ ರಾತ್ರಿ ರೈಲು ಅವರ ಊರಿನ ಸಣ್ಣ ನಿಲ್ದಾಣದಲ್ಲಿ ಎರಡು ನಿಮಿಷ ನಿಲ್ಲುತ್ತಿತ್ತು. ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ದೇಶದ ಪ್ರಯಾಣಿಕ ರೈಲುಗಳೆಲ್ಲ ನಿಂತವು. ಮತ್ತೆ ಓಡತೊಡಗಿದಾಗ ವಿಶೇಷ ರೈಲು ಎಂಬ ಹೊಸ ಹೆಸರು, ಹೊಸ ವೇಳಾಪಟ್ಟಿ. ಈ ಊರಿನ ನಿಲುಗಡೆ ಅದರಲ್ಲಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಗೆ ಹೋಗುವವರು, ಕಾಲೇಜಿನ ಹುಡುಗರು, ಹೂವಿನ ಬುಟ್ಟಿಯ ಹೆಂಗಸರು ರಾತ್ರಿ ಆಟೊ ಮಾಡಿಕೊಂಡು ಜಂಕ್ಷನ್‌ಗೆ ಹೋಗಬೇಕಾಗಿತ್ತು. ಆಟೊ ಬಾಡಿಗೆ ರೈಲಿನ ಟಿಕೆಟ್‌ಗಿಂತ ಹೆಚ್ಚು. ರೈಲು ಕೇಂದ್ರದ ವಿಷಯ, ಕೈ ಹಾಕಬಹುದು ಎಂದು ನನಗೆ ಖುಷಿಯಾಯಿತು.

ಮೊದಲು ಹಿಡಿದದ್ದು ನಿಯಮ 377ರ ದಾರಿ, ಅಂದರೆ ಸದಸ್ಯರು ಒಂದು ವಿಷಯವನ್ನು ಲೋಕಸಭೆಯಲ್ಲಿ ಓದಿ ಸರ್ಕಾರದ ಗಮನಕ್ಕೆ ತರುವ ವ್ಯವಸ್ಥೆ. ದಿನಕ್ಕೆ ಇಪ್ಪತ್ತು ಸದಸ್ಯರಿಗೆ ಅವಕಾಶ, ಒಬ್ಬ ಸದಸ್ಯನಿಗೆ ವಾರಕ್ಕೊಂದು ವಿಷಯ, ಪಠ್ಯ 250 ಪದ ಮೀರುವಂತಿಲ್ಲ. ನಾನು ಬರೆದದ್ದು ಆರುನೂರು ಪದ. ಅದರಲ್ಲಿ ಮಳೆ ಇತ್ತು, ಕತ್ತಲಿತ್ತು, ಗರ್ಭಿಣಿಯ ಕಣ್ಣೀರಿತ್ತು. ಸಾಹೇಬರು ಓದಿ, “ಚೆನ್ನಾಗಿದೆ ಮಾರಾಯ, ಆದರೆ ರೈಲಿನ ನಂಬರ್ ಎಲ್ಲಿದೆ?” ಎಂದರು. ಇರಲಿಲ್ಲ. ನಂಬರ್ ಹಾಕಿ, ಕಣ್ಣೀರು ತೆಗೆದು, 240 ಪದಕ್ಕೆ ಇಳಿಸಿದೆ.

ಆ ಬಜೆಟ್ ಅಧಿವೇಶನದಲ್ಲಿ ಹಿಂದಿನ ಸಾಲಿನವರಿಗೆ ಹಿಂದಿನ ಸಾಲೂ ಸಿಗಲಿಲ್ಲ. ಅಂತರ ಕಾಯ್ದುಕೊಳ್ಳಬೇಕೆಂದು ಲೋಕಸಭೆಯ ಸದಸ್ಯರನ್ನು ರಾಜ್ಯಸಭೆಯ ಸಭಾಂಗಣ, ಪ್ರೇಕ್ಷಕರ ಗ್ಯಾಲರಿಗಳಿಗೆಲ್ಲ ಹಂಚಿದ್ದರು. ಸದನ ಸಂಜೆ ನಾಲ್ಕಕ್ಕೆ ಆರಂಭ. ಸಾಹೇಬರು ಕನ್ನಡದಲ್ಲೇ ಮಾತನಾಡುವೆನೆಂದು ಹಟ ಹಿಡಿದರು. 1967ರಲ್ಲಿ ಶಿವಮೊಗ್ಗದಿಂದ ಆರಿಸಿಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಕಥೆಯನ್ನು ಕೇಳಿ ಬೆಳೆದವರು ಅವರು. ಹಟ ಸರಿಯೇ, ಆದರೆ ಮಂತ್ರಿಗಳ ಕಿವಿಗೆ ಬೀಳುವುದು ಭಾಷಾಂತರಕಾರರ ದನಿ. ಹಾಗಾಗಿ ಪಠ್ಯದ ಪ್ರತಿಯನ್ನು ಮೊದಲೇ ಅವರಿಗೆ ತಲುಪಿಸುವುದು, ನಿಲ್ದಾಣದ ಹೆಸರನ್ನು ಬಿಡಿಸಿ ಹೇಳುವುದು, ಅಂಕಿಯ ಬಳಿ ಒಂದು ಕ್ಷಣ ನಿಲ್ಲುವುದು ಎಂದು ಪಕ್ಕಾ ಮಾಡಿಕೊಂಡೆವು. ಸಾಹೇಬರು ಕೊನೆಯಲ್ಲಿ ಭಾವಾವೇಶದಿಂದ ತಮ್ಮದೊಂದು ವಾಕ್ಯ ಸೇರಿಸಿದರು. ಒಪ್ಪಿಗೆ ಪಡೆದ ಪಠ್ಯವಷ್ಟೇ ಕಡತಕ್ಕೆ ಹೋಗುವುದರಿಂದ ಆ ವಾಕ್ಯ ಗಾಳಿಗೆ ಹೋಯಿತು. ಮೊಬೈಲ್‌ಗಳಲ್ಲಿ ಓಡಾಡಿದ್ದು ಮಾತ್ರ ಅದೇ ತುಣುಕು. ಊರಿನಲ್ಲಿ ಪಟಾಕಿ ಹೊಡೆದರು. ಕೆಲವು ವಾರಗಳ ನಂತರ ಬಂದ ಲಿಖಿತ ಉತ್ತರದಲ್ಲಿ ಇದ್ದದ್ದಿಷ್ಟು: ನಿಲುಗಡೆ ನೀಡುವುದು ನಿರಂತರ ಪ್ರಕ್ರಿಯೆ, ಕಾರ್ಯಾಚರಣೆಯ ಸಾಧ್ಯತೆ ಮತ್ತು ವಾಣಿಜ್ಯ ಸಮರ್ಥನೆಯನ್ನು ಅದು ಅವಲಂಬಿಸಿರುತ್ತದೆ. ಮೇಷ್ಟ್ರಿಗೆ ಓದಿ ಹೇಳಿದೆ. “ಇದರಲ್ಲಿ ಕ್ರಿಯಾಪದವೇ ಇಲ್ಲವಲ್ಲ” ಎಂದರು.

ಆಮೇಲೆ ನಾನು ಚುಕ್ಕೆ ಗುರುತಿಲ್ಲದ ಪ್ರಶ್ನೆಗಳ ಕಡೆ ತಿರುಗಿದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಕೇಳಿದವರಿಗೆ ಎರಡು ಉಪಪ್ರಶ್ನೆ ಹಾಕುವ ಹಕ್ಕಿದೆ. ನೋಡಲು ಭರ್ಜರಿ. ಆದರೆ ದಿನಕ್ಕೆ ಇಪ್ಪತ್ತು ಮಾತ್ರ, ಅದಕ್ಕೆ ಚೀಟಿ ಎತ್ತಬೇಕು, ಚೀಟಿ ಬಂದರೂ ಒಂದು ಗಂಟೆಯಲ್ಲಿ ಬಾಯಿಗೆ ಬರುವುದು ಮೊದಲ ಕೆಲವು. ಚುಕ್ಕೆಯಿಲ್ಲದವು ದಿನಕ್ಕೆ 230. ಉತ್ತರ ಬರಹದಲ್ಲೇ ಸದನದ ಮೇಜಿನ ಮೇಲೆ ಬೀಳುತ್ತದೆ. ಕ್ಯಾಮೆರಾ ಇಲ್ಲ, ಚಪ್ಪಾಳೆ ಇಲ್ಲ. ಆದರೆ ಗದ್ದಲದಲ್ಲಿ ಸದನ ಕೊಚ್ಚಿಹೋದರೂ ಆ ಉತ್ತರ ಬಂದೇ ಬರುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟಾಗಲೂ ಈ ಲಿಖಿತ ಉತ್ತರಗಳು ನಿಲ್ಲಲಿಲ್ಲ. ಪೆಗಾಸಸ್ ಎಂಬ ಫೋನ್ ಗೂಢಚಾರಿ ತಂತ್ರಾಂಶದ ಗಲಾಟೆಯಲ್ಲಿ ಮುಳುಗಿದ 2021ರ ಮುಂಗಾರು ಅಧಿವೇಶನದಲ್ಲಿ ಎಷ್ಟೋ ಸಂಸದರು ಬಾಯಿ ತೆರೆಯದೆ ಊರಿಗೆ ಮರಳಿದರು. ನಮ್ಮ ಪ್ರಶ್ನೆಗೆ ಬುಧವಾರ ಉತ್ತರ ಸಿಕ್ಕಿತು.

ಸಿಕ್ಕ ಉತ್ತರ ಕಂಡು ಹಣೆ ಚಚ್ಚಿಕೊಂಡೆ. ತಪ್ಪು ನನ್ನದೇ. “(ಎ) ಸದರಿ ನಿಲುಗಡೆಯನ್ನು ಮರಳಿ ನೀಡುವ ಪ್ರಸ್ತಾವ ಸರ್ಕಾರದ ಮುಂದಿದೆಯೇ? (ಬಿ) ಇದ್ದರೆ ಅದರ ವಿವರವೇನು?” ಎಂದು ಕೇಳಿದ್ದೆ. ಬಂದದ್ದು: “(ಎ) ಇಲ್ಲ. (ಬಿ) ಪ್ರಶ್ನೆ ಉದ್ಭವಿಸುವುದಿಲ್ಲ.” ಇಲ್ಲ ಎಂದು ಹೇಳಲು ನಾನೇ ಬಾಗಿಲು ತೆರೆದಿಟ್ಟಿದ್ದೆ. ಅದಕ್ಕಿಂತ ಕೆಟ್ಟದ್ದೆಂದರೆ, ಪ್ರಸ್ತಾವವಿಲ್ಲ ಎಂಬುದು ಈಗ ಸಂಸತ್ತಿನ ದಾಖಲೆಯಾಯಿತು. ಮುಂದೆ ಯಾವ ಅಧಿಕಾರಿಯ ಬಳಿ ಹೋದರೂ ಅದನ್ನೇ ತೆಗೆದು ತೋರಿಸುತ್ತಿದ್ದರು.

ಚಳಿಗಾಲದ ಅಧಿವೇಶನಕ್ಕೆ ಮತ್ತೆ ಬರೆದೆ. ಉತ್ತರದ ದಿನಕ್ಕೆ ಪೂರ್ತಿ ಹದಿನೈದು ದಿನ ಮುಂಚೆ ಸೂಚನೆ ಕೊಡಬೇಕು. ಒಂದು ದಿನಕ್ಕೆ ಒಬ್ಬರಿಂದ ಎರಡೂ ಬಗೆ ಸೇರಿ ಐದೇ ಪ್ರಶ್ನೆ, ಒಂದೊಂದಕ್ಕೂ 150 ಪದದ ಮಿತಿ. ರೈಲ್ವೆ, ದೂರಸಂಪರ್ಕ ಎರಡೂ ಸಚಿವಾಲಯಗಳ ಉತ್ತರದ ಸರದಿ ಬುಧವಾರವೇ ಬರುತ್ತಿದ್ದುದರಿಂದ ಮೊಬೈಲ್ ಗೋಪುರದ ಅರ್ಜಿಗಳಿಗೂ ರೈಲಿಗೂ ಪ್ರತಿ ವಾರ ಜಗಳ. ಈ ಸಲ ಇದೆಯೇ, ಇಲ್ಲವೇ ಎಂದು ಕೇಳಲಿಲ್ಲ. 2017–18ರಿಂದ 2019–20ರವರೆಗೆ ಆ ನಿಲ್ದಾಣದಲ್ಲಿ ವರ್ಷವಾರು ಎಷ್ಟು ಟಿಕೆಟ್ ಮಾರಾಟವಾಗಿದೆ, ಎಷ್ಟು ಆದಾಯ ಬಂದಿದೆ? ನಿಲುಗಡೆಗೆ ವಾಣಿಜ್ಯ ಸಮರ್ಥನೆ ಇದೆಯೇ ಎಂದು ನಿರ್ಧರಿಸುವ ಮಾನದಂಡವೇನು? ಕೋವಿಡ್ ನಂತರ ಆ ವಿಭಾಗದಲ್ಲಿ ಯಾವ ಯಾವ ನಿಲುಗಡೆಗಳನ್ನು ಮರಳಿ ನೀಡಲಾಗಿದೆ? ಜನರಿಂದ ಬಂದ ಮನವಿಗಳ ಮೇಲೆ ಏನು ಕ್ರಮ ಕೈಗೊಳ್ಳಲಾಗಿದೆ?

ಅಂಕಿ ಬಂತು. ಮೇಷ್ಟ್ರು ಪೆನ್ಸಿಲ್ ಹಿಡಿದು ದಿನಕ್ಕೆ ಸರಾಸರಿ ಎಷ್ಟೆಂದು ಲೆಕ್ಕ ಹಾಕಿದರು. ನಿಲುಗಡೆ ಮರಳಿ ಪಡೆದ ಪಕ್ಕದ ನಿಲ್ದಾಣಕ್ಕಿಂತ ನಮ್ಮದು ಮೇಲಿತ್ತು. ನನಗೆ ಅದಕ್ಕಿಂತ ಹಿತವಾಗಿ ಕಂಡದ್ದು ಕೊನೆಯ ಭಾಗದ ಉತ್ತರ: ಮನವಿಗಳು ಪರಿಶೀಲನೆಯಲ್ಲಿವೆ. ಹೊರಗಿನವರಿಗೆ ಇದು ಕೈತೊಳೆದುಕೊಳ್ಳುವ ಮಾತು. ಲೋಕಸಭೆಯ ಸರ್ಕಾರಿ ಭರವಸೆಗಳ ಸಮಿತಿಯ ಪಟ್ಟಿಯಲ್ಲಿ ಪರಿಶೀಲನೆಯಲ್ಲಿದೆ ಎಂಬುದು ಭರವಸೆ ಎಂದೇ ಎಣಿಕೆಯಾಗುವ ಪದಗಳಲ್ಲೊಂದು. ಕೊಟ್ಟ ಭರವಸೆಯನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು, ಇಲ್ಲವೇ ಹೆಚ್ಚಿನ ಕಾಲಾವಕಾಶ ಕೇಳಿ ಸಮಿತಿಗೆ ಬರೆಯಬೇಕು. ಅಂದರೆ ನಮ್ಮ ಎರಡು ನಿಮಿಷದ ನಿಲುಗಡೆ ಯಾರದೋ ಬಾಕಿ ಪಟ್ಟಿಯಲ್ಲಿ ಹೋಗಿ ಕೂತಿತು. ಸದನದಲ್ಲಿ ಕೂಗಾಡಿದ್ದರೆ ಇದು ಆಗುತ್ತಿರಲಿಲ್ಲ. ಈ ವಿದ್ಯೆಯನ್ನು ನನಗೆ ಯಾರೂ ತರಬೇತಿಯಲ್ಲಿ ಕಲಿಸಲಿಲ್ಲ. ಬೇರೊಬ್ಬ ಸಂಸದರ ಹಳೆಯ ಸಹಾಯಕರೊಬ್ಬರು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಹೇಳಿಕೊಟ್ಟರು.

ಆದರೆ ಅದೇ ವಿದ್ಯೆ ಅಡಿಕೆಯ ವಿಷಯದಲ್ಲಿ ಕೈಕೊಟ್ಟಿತು. 2022ರಲ್ಲಿ ಎಲೆಚುಕ್ಕಿ ರೋಗದ ಅರ್ಜಿಗಳು ಬಂದವು. ಅದೇ ಸೆಪ್ಟೆಂಬರ್‌ನಲ್ಲಿ ಭೂತಾನದಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಇದಕ್ಕಿಂತ ಅಗ್ಗವಾಗಿ ತರಿಸುವಂತಿಲ್ಲ ಎಂಬ ಮಿತಿ) ಷರತ್ತಿಲ್ಲದೆ ತರಿಸಲು ಅನುಮತಿ ಸಿಕ್ಕಾಗ ಬೆಳೆಗಾರರು ಕೊತಕೊತ ಕುದಿಯುತ್ತಿದ್ದರು. ನಾನು ಎಲ್ಲವನ್ನೂ ಒಂದೇ ಪ್ರಶ್ನೆಯಲ್ಲಿ ತುಂಬಿ ಕೃಷಿ ಸಚಿವಾಲಯಕ್ಕೆ ಬರೆದೆ. ಆಮದು ವಾಣಿಜ್ಯ ಸಚಿವಾಲಯದ್ದು, ಅವರ ದಿನವೇ ಬೇರೆ. ಪ್ರಶ್ನೆ ಇತ್ತಲೂ ಇಲ್ಲ, ಅತ್ತಲೂ ಇಲ್ಲ. ಒಂದು ಅರ್ಜಿಯನ್ನು ಎರಡು ಮೂರಾಗಿ ಸೀಳಬೇಕೆಂದು ಆಗ ಬುದ್ಧಿ ಬಂತು: ರೋಗದ ಸಂಶೋಧನೆ ಒಂದು ಕಡೆಗೆ, ಆಮದು ಇನ್ನೊಂದು ಕಡೆಗೆ. ಆರೋಗ್ಯ ಸಚಿವಾಲಯದ ಬಾಗಿಲನ್ನು ಮಾತ್ರ ತಟ್ಟಲೇಬೇಡ ಎಂದು ಸಾಹೇಬರು ಕಟ್ಟಪ್ಪಣೆ ಮಾಡಿದ್ದರು. ಅಡಿಕೆ ಕ್ಯಾನ್ಸರ್‌ಕಾರಕ ಎಂಬ ಉತ್ತರ ಹಿಂದೊಮ್ಮೆ ಸಂಸತ್ತಿನಲ್ಲೇ ಬಂದು ಬೆಳೆಗಾರರ ಎದೆ ಒಡೆದಿತ್ತು. 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿತು. ನಮ್ಮಿಂದಲೇ ಆಯಿತೆಂದು ಸಾಹೇಬರ ಅಭಿಮಾನಿಗಳು ಬ್ಯಾನರ್ ಕಟ್ಟಿದರು. ನಮ್ಮಿಂದಲೇ ಆದದ್ದಲ್ಲ; ಅಡಿಕೆ ಬೆಳೆಯುವ ಕಡೆಯ ಪ್ರತಿಯೊಬ್ಬ ಸಂಸದರ ಬ್ಯಾನರ್‌ನಲ್ಲೂ ಅದೇ ವಾಕ್ಯವಿತ್ತು.

ಪ್ರಶ್ನೋತ್ತರದ ನಂತರ ತುರ್ತು ವಿಷಯಗಳನ್ನು ಎತ್ತುವ ಶೂನ್ಯ ವೇಳೆಯನ್ನು ನಾವು ಕಡಿಮೆ ಬಳಸಿದೆವು. ಬೆಳಿಗ್ಗೆ ಹತ್ತರೊಳಗೆ ಸೂಚನೆ ಕೊಟ್ಟು, ಚೀಟಿಯಲ್ಲಿ ಹೆಸರು ಬಂದರೆ ಒಂದೆರಡು ನಿಮಿಷ ಮಾತು. ಅಲ್ಲಿ ಮಂತ್ರಿ ಅಲ್ಲೇ ಉತ್ತರಿಸಬೇಕೆಂಬ ಕಟ್ಟುಪಾಡಿಲ್ಲ. 2019ರ ಜುಲೈನಲ್ಲಿ ಒಂದು ರಾತ್ರಿ ಸಭಾಧ್ಯಕ್ಷರು ಶೂನ್ಯ ವೇಳೆಯನ್ನು ಗಂಟೆಗಟ್ಟಲೆ ವಿಸ್ತರಿಸಿ 160ರ ಆಸುಪಾಸು ಸದಸ್ಯರಿಗೆ ಮಾತನಾಡಲು ಬಿಟ್ಟರು. ಸಾಹೇಬರು ಅಂದು ಮನೆಗೆ ಬಂದು ಮಗುವಿನಂತೆ ಸಂಭ್ರಮಿಸಿದ್ದು ನೆನಪಿದೆ.

ರೈಲಿಗೆ ಮರಳುತ್ತೇನೆ. 2022ರ ಉದ್ದಕ್ಕೂ ಹೊಸದೇನನ್ನೂ ಕೇಳಲಿಲ್ಲ. ಉತ್ತರದ ಪ್ರತಿ, ಮೇಷ್ಟ್ರ ಪೆನ್ಸಿಲ್ ಲೆಕ್ಕ, ಭರವಸೆಯ ಉಲ್ಲೇಖ ಇವಿಷ್ಟನ್ನೂ ಒಂದೇ ಹಾಳೆಗೆ ತಂದು, ಮಂತ್ರಿಯವರ ಭೇಟಿ ಸಿಕ್ಕಾಗ ಅವರಿಗೆ, ರೈಲ್ವೆಯವರು ಸಂಸದರನ್ನು ಕರೆಯುವ ವಾರ್ಷಿಕ ಸಭೆಯಲ್ಲಿ ಪ್ರಧಾನ ವ್ಯವಸ್ಥಾಪಕರಿಗೆ, ಅವರ ಕೆಳಗಿನವರಿಗೆ ಕೊಡುತ್ತಾ ಹೋದೆವು. ಎಲ್ಲರಿಗೂ ಒಂದೇ ಹಾಳೆ. ಒಂದಕ್ಷರ ಬದಲಿಸಬಾರದೆಂದು ನಾನೇ ನಿಯಮ ಮಾಡಿಕೊಂಡಿದ್ದೆ. ಬೇರೆ ಬೇರೆ ಮೇಜುಗಳ ಮೇಲೆ ಬೇರೆ ಬೇರೆ ಪತ್ರವಿದ್ದರೆ ಕಡತಗಳು ಒಂದಕ್ಕೊಂದು ಪರಿಚಯವಾಗುವುದೇ ಇಲ್ಲ.

2023ರ ಆರಂಭದಲ್ಲಿ ಆರು ತಿಂಗಳ ಮಟ್ಟಿಗೆ ಪ್ರಾಯೋಗಿಕ ನಿಲುಗಡೆಯ ಆದೇಶ ಬಂತು. ಪ್ರಾಯೋಗಿಕ ಎಂದರೆ ಟಿಕೆಟ್ ಮಾರಾಟ ನೋಡಿ ಮುಂದುವರಿಸುತ್ತಾರೆ. ಮೇಷ್ಟ್ರು ಮನೆ ಮನೆಗೆ ಹೋಗಿ, ಜಂಕ್ಷನ್‌ನಿಂದ ಹತ್ತುವ ಅಭ್ಯಾಸ ಆದವರನ್ನೂ ಸೇರಿಸಿ, ಎಲ್ಲರೂ ಟಿಕೆಟ್ಟನ್ನು ನಮ್ಮ ನಿಲ್ದಾಣದ ಹೆಸರಿನಲ್ಲೇ ತೆಗೆಯಬೇಕೆಂದು ಮಾತು ತೆಗೆದುಕೊಂಡರು. ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಇದನ್ನೇ ಹೇಳುತ್ತಿದ್ದರಂತೆ.

ಮೊದಲ ರಾತ್ರಿ ಹಸಿರು ಬಾವುಟ ಬೀಸಲು ಪ್ಲಾಟ್‌ಫಾರ್ಮ್ ತುಂಬ ನಾಯಕರು. ಸಾಹೇಬರು ಅಲ್ಲೂ ಎರಡನೆಯ ಸಾಲಿನಲ್ಲಿ, ಯಾರದೋ ಹಾರದ ಹಿಂದೆ. ಪತ್ರಿಕೆಯ ಚಿತ್ರದಲ್ಲಿ ಅವರ ಎಡಗಿವಿ ಕಾಣುತ್ತದೆ. ರೈಲು ಹೊರಟ ಮೇಲೆ ಮೇಷ್ಟ್ರು ನನ್ನನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಗೆರೆ ಹಾಕಿದ ಹಾಳೆ. ಪ್ಲಾಟ್‌ಫಾರ್ಮ್ ಹಳಿಯ ಮಟ್ಟದಲ್ಲಿದೆ, ಮುದುಕರಿಗೆ ಬೋಗಿಯ ಮೆಟ್ಟಿಲು ಎಟುಕುವುದಿಲ್ಲ, ಎರಡು ನಿಮಿಷದಲ್ಲಿ ಇಬ್ಬರನ್ನು ಎತ್ತಿ ಹಾಕುವಷ್ಟರಲ್ಲಿ ರೈಲು ಹೊರಡುತ್ತದೆ ಎಂದು ಬರೆದಿದ್ದರು.

“ಉದ್ದ ಎಷ್ಟು, ಎತ್ತರ ಎಷ್ಟು ಎಂದು ಅಳತೆ ಹಾಕಿದ್ದೇನೆ” ಎಂದರು. “ಈ ಸಲ ಇದೆಯೇ ಎಂದು ಕೇಳಬೇಡಿ.”