ಮೊದಲ ಟೈಮ್ ಟ್ರಯಲ್: ಆರಂಭಶೂರತನ ಬೇಡ

ಟೈಮ್ ಟ್ರಯಲ್ ಎಂಬ ಸೈಕಲ್ ಪಂದ್ಯದಲ್ಲಿ ಸವಾರರನ್ನು ಒಟ್ಟಿಗೆ ಬಿಡುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು, ಹೆಚ್ಚಾಗಿ ಒಂದೊಂದು ನಿಮಿಷದ ಅಂತರದಲ್ಲಿ ಹೊರಡುತ್ತಾರೆ. ಇನ್ನೊಬ್ಬರ ಬೆನ್ನ ಹಿಂದೆ ಗಾಳಿಮರೆಯಲ್ಲಿ ಓಡಿಸುವಂತಿಲ್ಲ. ಗಡಿಯಾರ ತೋರಿಸಿದ್ದೇ ಫಲಿತಾಂಶ. ಹೊಸಬರಿಗೆ ಒಗ್ಗುವ ದೂರ 10ರಿಂದ 20 ಕಿ.ಮೀ. ಒಂದು ಕೋನ್‌ವರೆಗೆ ಹೋಗಿ, ಅದನ್ನು ಸುತ್ತಿ, ಬಂದ ದಾರಿಯಲ್ಲೇ ಮರಳುವ ರಸ್ತೆ ಸಾಮಾನ್ಯ. ಇಷ್ಟು ಸರಳವಾದ ಪಂದ್ಯದಲ್ಲೂ ಹೊಸಬರ ಸಮಯ ಸೋರಿಹೋಗುತ್ತದೆ. ಅದಕ್ಕೆ ದುಬಾರಿ ಚಕ್ರ ಇಲ್ಲದ್ದು ಕಾರಣವಲ್ಲ, ಮೊದಲ ಮೂರು ನಿಮಿಷದ ಉತ್ಸಾಹ ಕಾರಣ. ಇಲ್ಲಿ ಹೆಚ್ಚಿನ ಮಾತು ಅದರ ಬಗ್ಗೆಯೇ.

ಸೈಕಲ್

ನಿಮ್ಮ ಬಳಿ ಇರುವ ರೋಡ್ ಬೈಕ್ ಸಾಕು. ಹಿಂದಿನ ದಿನವೇ ಚೈನ್ ಒರೆಸಿ ಎಣ್ಣೆ ಹಾಕಿ, ಮೇಲೆ ಉಳಿದ ಎಣ್ಣೆಯನ್ನು ಬಟ್ಟೆಯಿಂದ ತೆಗೆಯಿರಿ. ಚಕ್ರವನ್ನು ಎತ್ತಿ ತಿರುಗಿಸಿ ನೋಡಿ. ಬ್ರೇಕ್ ಪ್ಯಾಡ್ ಸವರುವ ಸದ್ದು ಬಂದರೆ ಅಲ್ಲಿ ಶಕ್ತಿ ಪೋಲಾಗುತ್ತಿದೆ ಎಂದರ್ಥ. ಎಲ್ಲ ಗೇರ್‌ಗಳನ್ನೂ ಒಮ್ಮೆ ಬದಲಿಸಿ ನೋಡಿ. ಸ್ಯಾಡಲ್ ಕೆಳಗಿನ ಚೀಲ, ದೀಪದ ಹಿಡಿಕೆ, ಬೇಡದ ಬಾಟಲ್ ಹಿಡಿಕೆ ಇವನ್ನೆಲ್ಲ ಬಿಚ್ಚಿಡಿ. ಆದರೆ ದೀಪ ಕಡ್ಡಾಯವೆಂದು ಆಯೋಜಕರ ನಿಯಮದಲ್ಲಿದ್ದರೆ ಅದು ಇರಲೇಬೇಕು.

ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಒತ್ತಡ ಒಂದು ಮಿತಿ, ಮುಟ್ಟಬೇಕಾದ ಗುರಿಯಲ್ಲ. ಕಲ್ಲಿನಂತೆ ಗಟ್ಟಿಯಾದ ಟೈರು ಒರಟು ರಸ್ತೆಯಲ್ಲಿ ಕುಣಿಯುತ್ತದೆ, ವೇಗ ಕೊಡುವುದಿಲ್ಲ. 25 ಮಿ.ಮೀ. ಟೈರು, ಒಳಗೆ ಟ್ಯೂಬು, ಸುಮಾರು 70 ಕೆ.ಜಿ. ಸವಾರ ಎಂದರೆ 80 ಪಿಎಸ್ಐ ಆಸುಪಾಸಿನಿಂದ ಶುರುಮಾಡಿ. ರಸ್ತೆ ಒದ್ದೆಯಿದ್ದರೆ ಐದರಿಂದ ಹತ್ತು ಕಡಿಮೆ ಮಾಡಿ.

ಮೊಣಕೈ ಊರಿ ಮುಂದಕ್ಕೆ ಬಾಗಲು ಹ್ಯಾಂಡಲ್ ಮೇಲೆ ಇರುವ ಏರೋ ಬಾರ್ ಬೇಕೇ? ಅದರಿಂದ ಲಾಭವಿದೆ ಎನ್ನುವುದು ನಿಜ. 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ 24.5 ಕಿ.ಮೀ. ಟೈಮ್ ಟ್ರಯಲ್ ಇತ್ತು. 50 ಸೆಕೆಂಡು ಹಿಂದಿದ್ದ ಗ್ರೆಗ್ ಲೆಮಾಂಡ್ ಏರೋ ಬಾರ್ ಹಾಕಿಕೊಂಡು ಹೊರಟು, ಅಂಥದ್ದೇನೂ ಇಲ್ಲದ ಲೊರಾಂ ಫಿನ್ಯೋನ್‌ರನ್ನು ಒಟ್ಟು ಲೆಕ್ಕದಲ್ಲಿ 8 ಸೆಕೆಂಡಿನಿಂದ ಹಿಂದಿಕ್ಕಿದರು. ಹಾಗಂತ ಪಂದ್ಯದ ಹಿಂದಿನ ರಾತ್ರಿ ಕ್ಲಿಪ್-ಆನ್, ಅಂದರೆ ಹ್ಯಾಂಡಲ್‌ಗೆ ಸಿಕ್ಕಿಸುವ, ಏರೋ ಬಾರ್ ಜೋಡಿಸುವುದು ಅಪಾಯಕ್ಕೆ ಆಹ್ವಾನ. ರೋಡ್ ಬೈಕಿನಲ್ಲಿ ಅದನ್ನು ಹಿಡಿದಾಗ ಕೈ ಬ್ರೇಕಿನಿಂದಲೂ ಗೇರಿನಿಂದಲೂ ದೂರವಾಗುತ್ತದೆ, ಹ್ಯಾಂಡಲ್ ಅಲುಗಾಡುತ್ತದೆ, ಸೊಂಟದ ಕೋನ ಮುಚ್ಚಿಕೊಂಡು ತೊಡೆಗೆ ಬಲ ಬರುವುದಿಲ್ಲ. ಮೂರ್ನಾಲ್ಕು ವಾರ ಅಭ್ಯಾಸ ಮಾಡಿದ್ದರೆ ಮಾತ್ರ ಬಳಸಿ. ಇಲ್ಲದಿದ್ದರೆ ಹುಡ್, ಅಂದರೆ ಬ್ರೇಕ್ ಲಿವರ್ ಮೇಲಿನ ರಬ್ಬರ್ ಹಿಡಿಕೆ, ಹಿಡಿದು, ಮೊಣಕೈಯನ್ನು 90 ಡಿಗ್ರಿಗೆ ಮಡಿಸಿ, ಮುಂಗೈ ನೆಲಕ್ಕೆ ಸಮಾನಾಂತರವಾಗಿರುವಂತೆ ಕೂರಿ. ಗಾಳಿಗೆ ಅಡ್ಡ ನಿಲ್ಲುವುದು ಹೆಚ್ಚಾಗಿ ನಮ್ಮ ಮೈಯೇ ಹೊರತು ಸೈಕಲ್ಲಲ್ಲ, ಆದ್ದರಿಂದ ಕಾಸು ಖರ್ಚಿಲ್ಲದ ಈ ಭಂಗಿಯಿಂದಲೂ ಒಳ್ಳೆಯ ಉಳಿತಾಯವಾಗುತ್ತದೆ. ಮುಂಗೈಯನ್ನು ಬರಿಯ ಹ್ಯಾಂಡಲ್ ಮೇಲೆ ಒರಗಿಸಿ ಓಡಿಸುವ ಶೋಕಿ ಬೇಡ, ಒಂದು ಗುಂಡಿ ಸಿಕ್ಕರೆ ಕೈ ಜಾರುತ್ತದೆ.

ಆ ದಿನ ಬೆಳಿಗ್ಗೆ

ಹೊರಡುವ ಸಮಯಕ್ಕೆ ಎರಡೂವರೆಯಿಂದ ಮೂರು ಗಂಟೆ ಮೊದಲು, ನಿಮ್ಮ ಹೊಟ್ಟೆಗೆ ಪರಿಚಯವಿರುವ, ಕೊಬ್ಬೂ ನಾರೂ ಕಡಿಮೆಯಿರುವ ತಿಂಡಿ ತಿನ್ನಿ. ನಲವತ್ತು ನಿಮಿಷದ ಓಟಕ್ಕೆ ದಾರಿಯಲ್ಲಿ ತಿನ್ನುವ ಅಗತ್ಯವಿಲ್ಲ. ಸೆಕೆ ಇದ್ದರೆ ಒಂದು ಬಾಟಲ್ ನೀರು, ಇಲ್ಲದಿದ್ದರೆ ಅದೂ ಬೇಡ.

ಸ್ಥಳಕ್ಕೆ ಒಂದೂಕಾಲು ಗಂಟೆ ಮುಂಚೆ ತಲುಪಿ. ಸಹಿ ಹಾಕಿ ನಂಬರ್ ಪಡೆಯುವುದು, ಶೌಚಾಲಯದ ಸಾಲು, ಗಾಳಿ ತುಂಬುವುದು ಎಲ್ಲ ಸೇರಿ ಅರ್ಧ ಗಂಟೆ ನುಂಗಿಬಿಡುತ್ತವೆ. ನಂಬರ್ ಚುಚ್ಚುವುದಕ್ಕೂ ಒಂದು ಕ್ರಮವಿದೆ. ಜೆರ್ಸಿ ಹಾಕಿಕೊಂಡು, ಸೈಕಲ್ ಮೇಲಿನ ಭಂಗಿಯಲ್ಲಿ ಬಾಗಿ ಕೈ ಮುಂದೆ ಚಾಚಿ, ಬೇರೆಯವರಿಂದ ಪಿನ್ ಹಾಕಿಸಿ. ನಿಂತುಕೊಂಡು ಹಾಕಿದರೆ ಬಾಗಿದಾಗ ಬಟ್ಟೆ ಎಳೆದು ಕಾಗದ ಹರಿಯುತ್ತದೆ, ಇಲ್ಲವೇ ಗಾಳಿ ತುಂಬಿಕೊಂಡು ಪಟಪಟ ಹೊಡೆಯುತ್ತದೆ. ನಾಲ್ಕು ಪಿನ್ ಸಾಲದು, ಆರೋ ಎಂಟೋ ಹಾಕಿ. ಜೆರ್ಸಿಯಂತೂ ಮೈಗೆ ಅಂಟುವಂತಿರಲಿ.

ಓಟ ಚಿಕ್ಕದಾದಷ್ಟೂ ವಾರ್ಮ್ ಅಪ್ ಹೆಚ್ಚು ಬೇಕು. ಒಟ್ಟು 25 ನಿಮಿಷ ಎಂದಿಟ್ಟುಕೊಳ್ಳಿ. ಮೊದಲ ಹದಿನೈದು ನಿಮಿಷ ಹಗುರದಿಂದ ನಿಧಾನವಾಗಿ ಏರಿಸುತ್ತಾ, ನಂತರ ಪಂದ್ಯದ ವೇಗದಲ್ಲಿ ಒಂದೊಂದು ನಿಮಿಷದ ಮೂರು ಸುತ್ತು, ನಡುವೆ ಎರಡೆರಡು ನಿಮಿಷ ಬಿಡುವು, ಕೊನೆಗೆ ಹಗುರವಾಗಿ ಪೆಡಲ್. ಹೊರಡಲು ಎಂಟು-ಹತ್ತು ನಿಮಿಷ ಇರುವಾಗ ಮುಗಿಸಿ, ಆರಂಭದ ಗೆರೆಯ ಕಡೆಗೆ ಹೋಗಿ. ನಿಮ್ಮ ಸರದಿಗೆ ತಡವಾಗಿ ಬಂದರೂ ಗಡಿಯಾರ ನಿಮ್ಮ ನಿಗದಿತ ಸಮಯಕ್ಕೇ ಓಡಲು ಶುರುವಾಗಿರುತ್ತದೆ. ಕಳೆದ ಸೆಕೆಂಡುಗಳು ನಿಮ್ಮ ಲೆಕ್ಕಕ್ಕೇ ಸೇರುತ್ತವೆ. ಹಾಗಾಗಿ ಆಯೋಜಕರ ಗಡಿಯಾರಕ್ಕೆ ನಿಮ್ಮದನ್ನು ಹೊಂದಿಸಿಕೊಳ್ಳಿ.

ಗೆರೆಯಲ್ಲಿ, ಆಮೇಲೆ ರಸ್ತೆಯಲ್ಲಿ

ಗೇರ್ ಮೊದಲೇ ಮಧ್ಯಮಕ್ಕೆ ಇಳಿಸಿರಿ. ದೊಡ್ಡ ಗೇರ್‌ನಲ್ಲಿ ನಿಂತರೆ ಮೊದಲ ಹತ್ತು ತುಳಿತಕ್ಕೇ ತೊಡೆ ಬಿಗಿಯುತ್ತದೆ. ಕೆಲವು ಕಡೆ ಒಬ್ಬರು ಸ್ಯಾಡಲ್ ಹಿಡಿದುಕೊಳ್ಳುತ್ತಾರೆ, ಎರಡೂ ಕಾಲು ಪೆಡಲ್‌ಗೆ ಸಿಕ್ಕಿಸಿ ನಿಲ್ಲಬಹುದು. ಅವರು ಬಿಡುತ್ತಾರಷ್ಟೇ, ತಳ್ಳುವುದಿಲ್ಲ. ಭಯವಾದರೆ ಒಂದು ಕಾಲು ನೆಲಕ್ಕಿಟ್ಟು ಹೊರಟರೆ ಯಾರ ಆಕ್ಷೇಪವೂ ಇಲ್ಲ, ಕಳೆಯುವುದು ಒಂದೆರಡು ಸೆಕೆಂಡು. ಬಲಗಾಲು ಮುಂದೆ ಬರುವವರು ಆ ಪೆಡಲನ್ನು ಗಡಿಯಾರದ ಎರಡರ ಜಾಗದಲ್ಲಿ ಇಟ್ಟುಕೊಳ್ಳಿ. ಎದ್ದು ಹತ್ತು-ಹದಿನೈದು ತುಳಿತ, ವೇಗ ಬಂದ ಕೂಡಲೇ ಕೂತು ಬಾಗಿ.

ಅಪಾಯ ಇಲ್ಲಿದೆ. ಮೈ ತಾಜಾ ಇದೆ, ಎದೆಯಲ್ಲಿ ಢವಢವ, ಆದ್ದರಿಂದ ಸಾಮರ್ಥ್ಯ ಮೀರಿದ ವೇಗವೂ ಸಲೀಸು ಅನ್ನಿಸುತ್ತದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 30 ಕಿ.ಮೀ. ನಿಮ್ಮ ನಿಜವಾದ ವೇಗವಾಗಿದ್ದು ನೀವು 33ರಲ್ಲಿ ಹೊರಟರೆ ವೇಗ ಹೆಚ್ಚಿದ್ದು ಶೇ. 10, ಗಾಳಿಗೆ ತೆತ್ತ ಶಕ್ತಿ ಹೆಚ್ಚಿದ್ದು ಶೇ. 33. ಆ ಸಾಲ ಆರನೇ ನಿಮಿಷಕ್ಕೆ ಬಡ್ಡಿ ಸಮೇತ ವಸೂಲಿಗೆ ಬರುತ್ತದೆ. ತೊಡೆ ಉರಿ, ಏದುಸಿರು, ವೇಗ 27. ಹೃದಯ ಬಡಿತದ ಮೀಟರ್ ಈ ಹೊತ್ತಿನಲ್ಲಿ ಸುಳ್ಳು ಸಮಾಧಾನ ಕೊಡುತ್ತದೆ, ಏಕೆಂದರೆ ಬಡಿತ ಶ್ರಮಕ್ಕೆ ತಕ್ಕ ಮಟ್ಟ ಮುಟ್ಟಲು ಎರಡು-ಮೂರು ನಿಮಿಷ ಬೇಕು. ತುಳಿತದ ಶಕ್ತಿ ಅಳೆಯುವ ಪವರ್ ಮೀಟರ್ ಇದ್ದವರು ಮೊದಲ ಐದು ನಿಮಿಷ ತಮ್ಮ ಎಫ್‌ಟಿಪಿಯ, ಅಂದರೆ ಸುಮಾರು ಒಂದು ಗಂಟೆ ತಡೆದುಕೊಳ್ಳಬಲ್ಲ ಶಕ್ತಿಯ, ಶೇ. 95 ದಾಟಬೇಡಿ.

ಮೀಟರ್ ಇಲ್ಲದವರಿಗೆ ಉಸಿರೇ ಅಳತೆಗೋಲು. ದಾರಿಯ ಮೊದಲ ಮೂರನೇ ಒಂದು ಭಾಗದಲ್ಲಿ ಮೂರು-ನಾಲ್ಕು ಪದದ ವಾಕ್ಯ ಹೇಳುವಷ್ಟು ದಮ್ಮಿರಬೇಕು, ‘ಇದೇನು, ತೀರಾ ನಿಧಾನವಾಯಿತೇ’ ಎಂಬ ಅನುಮಾನ ಬರಬೇಕು. ನಡುವಿನ ಭಾಗದಲ್ಲಿ ಒಂದೆರಡು ಪದಕ್ಕಿಂತ ಹೆಚ್ಚು ಆಡಲಾಗದು. ಮನಸ್ಸು ಅಲೆದು ವೇಗ ತಾನಾಗಿ ಇಳಿಯುವುದೂ ಇಲ್ಲೇ, ಆದ್ದರಿಂದ ಪ್ರತಿ ಕಿಲೋಮೀಟರಿಗೂ ಒಮ್ಮೆ ಭಂಗಿ, ಗೇರು, ಉಸಿರು ಮೂರನ್ನೂ ಪರೀಕ್ಷಿಸಿಕೊಳ್ಳಿ. ಪೆಡಲ್ ನಿಮಿಷಕ್ಕೆ 85ರಿಂದ 95 ಸುತ್ತು ತಿರುಗುತ್ತಿರಲಿ. ಕೊನೆಯ ಭಾಗದಲ್ಲಿ ಮಾತೇ ಹೊರಡಬಾರದು.

ಹೋಗುವಾಗ ಎದುರುಗಾಳಿ, ಬರುವಾಗ ಹಿಂಗಾಳಿ ಇದ್ದರೆ ಎರಡೂ ಸರಿದೂಗುತ್ತವೆ ಎಂದು ಅನೇಕರ ಎಣಿಕೆ. ಲೆಕ್ಕ ಹಾಗಿಲ್ಲ. 10 ಕಿ.ಮೀ. ದೂರವನ್ನು 25ರ ವೇಗದಲ್ಲಿ ಹೋದರೆ 24 ನಿಮಿಷ, 40ರಲ್ಲಿ ಮರಳಿದರೆ 15 ನಿಮಿಷ. ಒಟ್ಟು 39 ನಿಮಿಷ, ಸರಾಸರಿ ವೇಗ 32.5 ಅಲ್ಲ, 30.8. ಎದುರುಗಾಳಿಯಲ್ಲಿ ವೇಗವನ್ನು ಗಂಟೆಗೆ ಒಂದು ಕಿ.ಮೀ. ಹೆಚ್ಚಿಸಿದರೆ 55 ಸೆಕೆಂಡು ಉಳಿಯುತ್ತದೆ, ಹಿಂಗಾಳಿಯಲ್ಲಿ ಅಷ್ಟೇ ಹೆಚ್ಚಿಸಿದರೆ 22 ಸೆಕೆಂಡು. ಆದ್ದರಿಂದ ಶ್ರಮ ತುಸು ಜಾಸ್ತಿ ಹಾಕುವ ಜಾಗ ಎದುರುಗಾಳಿ ಮತ್ತು ಏರು. ತುಸು ಅಂದರೆ ತುಸುವೇ. ಮೊದಲ ಏರಿನಲ್ಲಿ ಎದ್ದು ನಿಂತು ಅಬ್ಬರಿಸಿದರೆ ಮತ್ತೆ ಹಳೆಯ ಸಾಲದ ಕಥೆ. ಇಳಿಜಾರಿನಲ್ಲಿ ಮೈ ಮುದುರಿ ಉಸಿರು ತುಂಬಿಕೊಳ್ಳಿ.

ಕೋನ್ ಸುತ್ತುವ ತಿರುವಿಗೆ ಮುಂಚೆಯೇ, ಪೆಡಲ್ ಇನ್ನೂ ತಿರುಗುತ್ತಿರುವಾಗ, ಎರಡು-ಮೂರು ಗೇರ್ ಇಳಿಸಿ. ನಿಂತ ಮೇಲೆ ನೆನಪಾದರೆ ಭಾರದ ಗೇರಿನಲ್ಲಿ ಸಿಕ್ಕಿಬೀಳುತ್ತೀರಿ. ಬ್ರೇಕನ್ನು ನೇರವಾಗಿ ಬರುತ್ತಿರುವಾಗಲೇ ಹಾಕಿ ಮುಗಿಸಿ, ವಾಲಿದ ಮೇಲೆ ಮುಂದಿನ ಬ್ರೇಕ್ ಅದುಮಿದರೆ ಚಕ್ರ ಜಾರುತ್ತದೆ. ಹಿಂದೆ ತಿರುಗಿ ವಾಹನ ನೋಡಿ, ತಿರುವಿನ ಒಳಬದಿಯ ಪೆಡಲ್ ಮೇಲಕ್ಕೆತ್ತಿರಲಿ, ಕಣ್ಣು ಕೋನ್ ಮೇಲಲ್ಲ, ಹೋಗಬೇಕಾದ ರಸ್ತೆಯ ಮೇಲೆ. ಆಚೆ ಬಂದ ಮೇಲೆ ಎದ್ದು ಹತ್ತು ತುಳಿತ, ಮತ್ತೆ ಕೂರಿ.

ಹಿಂದಿನವರು ನಿಮ್ಮನ್ನು ದಾಟಿದರೆ ಬೆನ್ನಟ್ಟಬೇಡಿ. ಅದು ಅವರ ವೇಗ, ನಿಮ್ಮದಲ್ಲ. ಗಾಳಿಮರೆಗೆ ಸಿಗದಂತೆ ತುಸು ಸಡಿಲಿಸಿ ಅಂತರ ಬಿಡಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ನಿಯಮದ ಪ್ರಕಾರ ದಾಟುವವರು ಪಕ್ಕಕ್ಕೆ 2 ಮೀಟರ್ ಬಿಟ್ಟು ದಾಟಬೇಕು, ಒಂದು ಕಿ.ಮೀ. ಕಳೆಯುವಷ್ಟರಲ್ಲಿ ಹಿಂದೆ ಬಿದ್ದವರು 25 ಮೀಟರ್ ಹಿಂದಿರಬೇಕು. ನೀವಿರುವ ಪಂದ್ಯದ ಅಂತರ ಬೇರೆಯಿರಬಹುದು, ನಿಯಮ ಓದಿಕೊಳ್ಳಿ. ನೀವೇ ಯಾರನ್ನಾದರೂ ದಾಟುವುದಾದರೆ ಹಿಂದೆ ಕಾದು ಕೂರದೆ ಒಂದೇ ಬಾರಿಗೆ ಮುಂದೆ ಹೋಗಿ.

ಎಲ್ಲಕ್ಕಿಂತ ಕೆಟ್ಟ ಚಾಳಿ ತಲೆ ತಗ್ಗಿಸಿ ಮುಂದಿನ ಚಕ್ರವನ್ನೇ ನೋಡುತ್ತಾ ಓಡಿಸುವುದು. ಬಹಳಷ್ಟು ಟೈಮ್ ಟ್ರಯಲ್ ನಡೆಯುವುದು ವಾಹನ ಓಡಾಡುವ ರಸ್ತೆಯಲ್ಲೇ. ನಿಂತ ಕಾರಿಗೆ ಹೋಗಿ ಗುದ್ದಿದ ಸವಾರರಿದ್ದಾರೆ. ಸುಸ್ತು ಹೆಚ್ಚಾದಷ್ಟೂ ತಲೆ ತಾನಾಗಿ ಬಾಗುತ್ತದೆ, ಕೊನೆಯ ಎರಡು ಕಿ.ಮೀ.ಯಲ್ಲಿ ಬೇಕೆಂದೇ ಎತ್ತಿ ಹಿಡಿಯಿರಿ.

ಆ ಎರಡು ಕಿ.ಮೀ.ಗೆ ಉಳಿದದ್ದನ್ನೆಲ್ಲ ಸುರಿಯಿರಿ. ಗೆರೆ ದಾಟಿದ ತಕ್ಷಣ ನಿಲ್ಲಬೇಡಿ, ರಸ್ತೆಗೆ ಅಡ್ಡ ತಿರುಗಲೂಬೇಡಿ, ಹಿಂದೆ ಇನ್ನೊಬ್ಬರು ಬರುತ್ತಿರುತ್ತಾರೆ. ಹತ್ತು ನಿಮಿಷ ಹಗುರವಾಗಿ ಪೆಡಲ್ ಮಾಡಿ. ಸೈಕಲ್ ಕಂಪ್ಯೂಟರಿನಲ್ಲಿ ಹೋಗುವ ಅರ್ಧ, ಬರುವ ಅರ್ಧ ಎಷ್ಟೆಷ್ಟು ಹೊತ್ತಾಯಿತು, ಗಾಳಿ ಯಾವ ಕಡೆಗಿತ್ತು, ಟೈರಿನ ಒತ್ತಡ ಎಷ್ಟಿತ್ತು ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅದೇ ದಾರಿಯಲ್ಲಿ ಎಷ್ಟರಿಂದ ಹೊರಡಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಸಿಗುವುದಿಲ್ಲ. ಹೊರಡುವಾಗ ನಂಬರ್ ವಾಪಸ್ ಕೊಡಬೇಕೇ ಎಂದು ಕೇಳಿ, ಪಿನ್ ಬಿಚ್ಚುವ ಮೊದಲೇ ಜೆರ್ಸಿ ಎಳೆದು ತೆಗೆಯಬೇಡಿ.