ಲುಕ್ಲಾದಲ್ಲಿ ಸಿಕ್ಕಿಕೊಂಡಾಗ: ಕೈತಪ್ಪಿದ ಎರಡು ವಿಮಾನಗಳು

ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣ ಮುಗಿಸಿ ನೇಪಾಳದ ಬೆಟ್ಟದೂರು ಲುಕ್ಲಾಕ್ಕೆ ಇಳಿದವರನ್ನು ಅಲ್ಲಿಂದ ಹೇಳಿದ ದಿನವೇ ಹೊರಡಿಸುತ್ತೇವೆಂದು ಯಾರೂ ಖಾತ್ರಿ ಕೊಡುವುದಿಲ್ಲ. ಸುಮಾರು 2,850 ಮೀಟರ್ ಎತ್ತರದಲ್ಲಿರುವ ಆ ಇಳಿಜಾರು ರನ್‌ವೇಯ ಉದ್ದ 527 ಮೀಟರ್; ಒಂದು ತುದಿಗೆ ಬೆಟ್ಟ, ಇನ್ನೊಂದು ತುದಿಗೆ ಕಣಿವೆ. ಪೈಲಟ್ ಕಣ್ಣಿಗೆ ಕಾಣುವುದನ್ನೇ ನಂಬಿ ಇಳಿಸಬೇಕಾಗಿರುವುದರಿಂದ ಮೋಡ ಕವಿದೊಡನೆ ಹಾರಾಟ ನಿಲ್ಲುತ್ತದೆ, ಮೋಡ ಸರಿದರೂ ಮಧ್ಯಾಹ್ನದ ಗಾಳಿ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ಮರುದಿನ ಆಕಾಶ ತಿಳಿಯಾದರೂ ಆ ದಿನದ ಟಿಕೆಟ್ ಇದ್ದವರಿಗೇ ಮೊದಲ ಸರದಿ. ಹಿಂದಿನ ದಿನ ಉಳಿದವರು ಹೆಚ್ಚುವರಿ ವಿಮಾನಕ್ಕೋ ಖಾಲಿ ಸೀಟಿಗೋ ಕಾಯಬೇಕು. ಚಾರಣದ ಹಂಗಾಮಿನಲ್ಲಿ ಬಹಳಷ್ಟು ವಿಮಾನಗಳು ಕಠ್ಮಂಡುವಿನ ಬದಲು ರಾಮೇಛಾಪ್ ಜಿಲ್ಲೆಯ ಮಂಥಲಿಗೆ ಹೋಗುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಏಕೆಂದರೆ ಅಲ್ಲಿಂದ ಕಠ್ಮಂಡುವಿಗೆ ಇನ್ನೂ ನಾಲ್ಕೈದು ಗಂಟೆಗಳ ರಸ್ತೆ ಪ್ರಯಾಣವಿದೆ.

ನನ್ನ ಮುಂದಿನ ಟಿಕೆಟ್ ಕಠ್ಮಂಡುವಿನಿಂದ ಕೊಲ್ಲಿಯ ಒಂದು ನಗರದ ಮೂಲಕ ಯುರೋಪಿಗೆ, ಎರಡೂ ಹಂತ ಒಂದೇ ಪಿಎನ್ಆರ್‌ನಲ್ಲಿ. ಲುಕ್ಲಾದ ಟಿಕೆಟ್ ಮಾತ್ರ ಬೇರೆ. ಹೀಗಿರುವಾಗ ಬೆಟ್ಟದ ಮೋಡಕ್ಕೂ ಅಂತರರಾಷ್ಟ್ರೀಯ ವಿಮಾನ ಸಂಸ್ಥೆಗೂ ಯಾವ ಸಂಬಂಧವೂ ಇರುವುದಿಲ್ಲ. ಸಮಯಕ್ಕೆ ಕೌಂಟರಿನ ಮುಂದೆ ನಿಲ್ಲದವನು ಅದರ ದಾಖಲೆಯಲ್ಲಿ ಬರೀ ‘ನೋ-ಶೋ’. ಮೊದಲ ಹಂತಕ್ಕೆ ಹಾಗೆ ಗುರುತು ಬಿದ್ದರೆ ಅದರ ಮುಂದಿನ ಹಂತಗಳೆಲ್ಲ ಸಾಮಾನ್ಯವಾಗಿ ತಾವಾಗಿಯೇ ರದ್ದಾಗುತ್ತವೆ, ವಾಪಸಿನ ಟಿಕೆಟ್ ಇದ್ದರೆ ಅದೂ ಸೇರಿ. ಆದ್ದರಿಂದ ಬೆಳಗಿನ ಹಾರಾಟ ನಿಂತಿತೆಂದು ಗೊತ್ತಾದ ಕೂಡಲೇ ನಾನು ಹೆಲಿಕಾಪ್ಟರಿನ ದರ ವಿಚಾರಿಸುವುದಕ್ಕೂ ಮೊದಲು ಲಾಡ್ಜಿನ ಊಟದ ಮನೆಯಲ್ಲಿ, ವೈಫೈ ಹಿಡಿಯುತ್ತಿದ್ದ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತು ಸಂಸ್ಥೆಯ ಸಹಾಯವಾಣಿಗೆ ಕರೆ ಮಾಡಿದೆ. ಕರೆ ಎರಡು ಸಲ ಕಡಿದುಹೋಯಿತು. ಕೊನೆಗೆ ಸಿಕ್ಕಿದ ಸಿಬ್ಬಂದಿ ಬದಲಾವಣೆಯ ಶುಲ್ಕ ಮತ್ತು ದರದ ವ್ಯತ್ಯಾಸ ಪಡೆದು ದಿನಾಂಕವನ್ನು ಮುಂದಕ್ಕೆ ಹಾಕಿದರು. ವಿಮಾನ ಹೊರಡುವ ಮುಂಚೆ ಮಾತಾಡಿದ್ದರಿಂದಲೇ ಅದು ಸಾಧ್ಯವಾಯಿತು. ಹೊರಟ ಮೇಲೆ ಕೇಳಿದ್ದರೆ ಹೊಸ ಟಿಕೆಟ್ ಕೊಳ್ಳಬೇಕಾಗುತ್ತಿತ್ತೇನೋ.

ಹೊಸ ದಿನಾಂಕವನ್ನು ಮರುದಿನಕ್ಕೆ ಕೇಳದೆ, ನಡುವೆ ಬಿಡುವಿಟ್ಟು ಕೇಳಿದ್ದೆ. ಸಹಚಾರಣಿಗರು ಇದನ್ನು ಅತಿ ಎಚ್ಚರಿಕೆ ಎಂದರು. ಆದರೆ ಲುಕ್ಲಾದಿಂದ ಸುರ್ಕೆಯ ಕಡೆ ಇಳಿದು ಜೀಪ್ ಹಿಡಿದು ಸಲ್ಲೇರಿಯ ಮಾರ್ಗವಾಗಿ ಕಠ್ಮಂಡು ಸೇರುವ ದಾರಿಯೊಂದಿದೆ, ಅದು ನಿಧಾನದ್ದು. ಆಕಾಶ ತೆರೆಯದಿದ್ದರೆ ಆ ದಾರಿಗೂ ಸಮಯ ಉಳಿಯಬೇಕೆಂಬುದು ನನ್ನ ಲೆಕ್ಕವಾಗಿತ್ತು. ಹೆಲಿಕಾಪ್ಟರಿನಲ್ಲಿ ಸೀಟು ಹಂಚಿಕೊಂಡು ಹೋಗಬಹುದು, ಆದರೆ ಅದು ದುಬಾರಿ, ಮೇಲಾಗಿ ದಟ್ಟ ಮೋಡದಲ್ಲಿ ಅದೂ ಏಳುವುದಿಲ್ಲ.

ಎರಡನೆಯ ಸಲ ವಿಮಾನ ತಪ್ಪಿದ್ದು ಕೊಲ್ಲಿಯಲ್ಲಿ. ಕಠ್ಮಂಡುವಿನಿಂದ ಹೊಸ ದಿನಾಂಕದ ವಿಮಾನ ತಡವಾಗಿ ಹೊರಟು, ಯುರೋಪಿನದು ನಾನಿಲ್ಲದೆಯೇ ಹಾರಿತು. ಇಲ್ಲಿ ನನಗೆ ಗಾಬರಿ ಆಗಲಿಲ್ಲ, ಏಕೆಂದರೆ ಎರಡೂ ಹಂತಗಳು ಒಂದೇ ಟಿಕೆಟ್ಟಿನಲ್ಲಿದ್ದವು. ತಲುಪಬೇಕಾದ ಊರಿಗೆ ತಲುಪಿಸುವ ಹೊಣೆ ಸಂಸ್ಥೆಯದೇ. ಟ್ರಾನ್ಸ್‌ಫರ್ ಡೆಸ್ಕಿನಲ್ಲಿ ಹೊಸ ಬೋರ್ಡಿಂಗ್ ಪಾಸ್ ಜೊತೆ ಊಟದ ಕೂಪನ್ ಕೊಟ್ಟರು. ಲಗೇಜ್ ಟ್ಯಾಗಿನ ಸಂಖ್ಯೆ ಹೊಸ ವಿಮಾನಕ್ಕೆ ಸೇರಿದೆಯೇ ಎಂಬುದನ್ನು ಕೇಳಿ ಖಚಿತಪಡಿಸಿಕೊಂಡೆ. ಚಾರಣದ ಬೂಟು, ಸ್ಲೀಪಿಂಗ್ ಬ್ಯಾಗ್ ಎಲ್ಲವೂ ಅದರಲ್ಲೇ ಇದ್ದವು. ತಡವಾದರೆ ನಗದು ಪರಿಹಾರ ಕೊಡಿಸುವ ಯುರೋಪಿನ 261/2004 ನಿಯಮವನ್ನು ಪಕ್ಕದವರೊಬ್ಬರು ಜೋರಾಗಿ ಉಲ್ಲೇಖಿಸುತ್ತಿದ್ದರು, ಆದರೆ ಹೊರಗಿನಿಂದ ಯುರೋಪಿಗೆ ಹೋಗುವ ಪ್ರಯಾಣಕ್ಕೆ ಅದು ಅನ್ವಯಿಸುವುದು ವಿಮಾನ ಸಂಸ್ಥೆ ಯುರೋಪಿನದಾಗಿದ್ದಾಗ ಮಾತ್ರ. ನಮ್ಮದು ಹಾಗಿರಲಿಲ್ಲ.

ದಿನಾಂಕ ಬದಲಾವಣೆಯ ಖರ್ಚನ್ನೂ ಹೋಟೆಲಿನ ಖರ್ಚನ್ನೂ ವಿಮೆಯಿಂದ ಕೇಳಿದೆ. ಲುಕ್ಲಾದ ಕೌಂಟರಿನಲ್ಲೇ ಹಾರಾಟ ರದ್ದಾದ ಕಾರಣ, ದಿನಾಂಕ ಮತ್ತು ಮೊಹರು ಇರುವ ಪತ್ರವನ್ನು ಬರೆಸಿಕೊಂಡಿದ್ದೆ. ವಿಮಾ ಕಂಪನಿ ಮೊದಲು ಕೇಳಿದ್ದು ಅದನ್ನೇ. ಅದರೊಂದಿಗೆ ಹಳೆಯ ಮತ್ತು ಹೊಸ ಟಿಕೆಟ್, ಶುಲ್ಕದ ರಸೀದಿ. ಹೋಟೆಲಿನ ಬಿಲ್ಲು ಪೂರ್ತಿ ಬಂದಿತು, ದರದ ವ್ಯತ್ಯಾಸದಲ್ಲಿ ಒಂದು ಭಾಗವನ್ನಷ್ಟೇ ಕೊಟ್ಟರು.